ಬಾರದೇ ಇದ್ದವರ ಲೆಕ್ಕ: ಹಾಸನ ಜಿಲ್ಲೆಯ ಎನ್‌ಎಫ್‌ಎಚ್‌ಎಸ್-5 ಹಾಳೆಗಳು

ಹೋಟೆಲು, ಮಿಕ್ಸಿ, ಮೊಬೈಲಿನ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಸರ್ಕಾರ ಪುಕ್ಕಟೆ ಕೊಡುವ ಒಂದು ಪಿಡಿಎಫ್ ಬಗ್ಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಎಲ್ಲರೂ ಎನ್‌ಎಫ್‌ಎಚ್‌ಎಸ್ ಅನ್ನುತ್ತಾರೆ. ಅದರ ಐದನೇ ಸುತ್ತಿನಲ್ಲಿ ಪ್ರತಿ ಜಿಲ್ಲೆಗೂ ಒಂದು ಮಾಹಿತಿ ಪತ್ರ ಮಾಡಿದ್ದಾರೆ. ಕೆಲವೇ ಹಾಳೆ, ಅದರಲ್ಲಿ 104 ಸೂಚಕಗಳು. ಹಾಸನದ್ದನ್ನು ನಾನು ಪ್ರಿಂಟ್ ತೆಗೆಸಿ, ಪೆನ್ಸಿಲ್ ಹಿಡಿದು ಓದಿದೆ. ಪಕ್ಕದ ಚಿಕ್ಕಮಗಳೂರಿನದ್ದನ್ನೂ ಜೊತೆಗಿಟ್ಟುಕೊಂಡೆ.

ನಾನು ಸಕಲೇಶಪುರ, ಬೇಲೂರು ತಾಲ್ಲೂಕಿನ ಸಬ್ ಸೆಂಟರುಗಳಲ್ಲಿ, ಅಂದರೆ ಹಳ್ಳಿಯ ಉಪ ಆರೋಗ್ಯ ಕೇಂದ್ರಗಳಲ್ಲಿ, ಎಎನ್‌ಎಂ (ಆರೋಗ್ಯ ಸಹಾಯಕಿ) ಆಗಿದ್ದವಳು. ಹಿರಿಯ ಆರೋಗ್ಯ ಸಹಾಯಕಿಯಾಗಿ ನಿವೃತ್ತಳಾಗಿ ಈಗ ಹಾಸನದಲ್ಲಿದ್ದೇನೆ. ಕಾಫಿ ಎಸ್ಟೇಟಿನ ಕೂಲಿಯವರು ಇರುವ ಲೈನ್ ಮನೆಗಳಿಗೆ ಲಸಿಕೆ ಬಾಕ್ಸ್ ಹೊತ್ತು ಹೋದವಳು, ತಿಂಗಳ ವರದಿ ತುಂಬಿ ತುಂಬಿ ಕೈ ನೋಯಿಸಿಕೊಂಡವಳು. ಆ ಅನುಭವದ ಮೇಲೆ ಹೇಳುತ್ತೇನೆ: ಈ ಹಾಳೆಗಳು ಒಳ್ಳೆಯವು. ನಮ್ಮ ಜಿಲ್ಲೆಯ ಆರೋಗ್ಯದ ಬಗ್ಗೆ ಮಾತಾಡುವ ಯಾರೇ ಆದರೂ, ಗ್ರಾಮ ಪಂಚಾಯ್ತಿ ಸದಸ್ಯರಿಂದ ಪತ್ರಕರ್ತರವರೆಗೆ, ಮೊದಲು ಇದನ್ನು ಓದಬೇಕು. ಕೊರತೆಗಳೂ ಇವೆ. ಅದನ್ನೂ ಬರೆಯುತ್ತೇನೆ.

ಹಾಸನದ ಅಂಕಿಗಳನ್ನು ಮಾತ್ರ ನಾನು ಇಲ್ಲಿ ಎತ್ತಿ ಹಾಕುವುದಿಲ್ಲ. ಒಂದೊಂದು ಅಂಕಿ ಕಿತ್ತು ಹಾಕಿದರೆ ಜನ ಅದನ್ನೇ ಫಾರ್ವರ್ಡ್ ಮಾಡುತ್ತಾರೆ, ಕೆಳಗಿನ ಟಿಪ್ಪಣಿ ಯಾರೂ ಓದುವುದಿಲ್ಲ. ಉದಾಹರಣೆಗೆ ಬೇಕಾದಾಗ ಇಡೀ ಕರ್ನಾಟಕದ ಅಂಕಿ ಕೊಡುತ್ತೇನೆ. ಜಿಲ್ಲೆಯದ್ದನ್ನು ನೀವೇ ತೆಗೆದು ನೋಡಿ.

ನಮ್ಮ ರಿಜಿಸ್ಟರುಗಳಿದ್ದವಲ್ಲ, ಇದೇಕೆ ಬೇಕು ಅನ್ನುವವರಿದ್ದಾರೆ. ಇಲಾಖೆಯಲ್ಲೂ ಈ ಮಾತು ಕೇಳಿದ್ದೇನೆ. ಸಬ್ ಸೆಂಟರಿನ ರಿಜಿಸ್ಟರಿನಲ್ಲಿ ಯಾರಿರುತ್ತಾರೆ? ನಮ್ಮ ಹತ್ತಿರ ಬಂದವರು, ಇಲ್ಲವೇ ನಮ್ಮ ಕಣ್ಣಿಗೆ ಬಿದ್ದವರು. ಬಸುರಿ ಹೆಣ್ಣುಮಗಳು ನಮ್ಮಲ್ಲಿ ತಾಯಿ ಕಾರ್ಡ್ ಮಾಡಿಸುತ್ತಾಳೆ. ಏಳು ತಿಂಗಳಿಗೆ ಅರಸೀಕೆರೆ ಕಡೆಯ ತವರಿಗೆ ಹೋಗುತ್ತಾಳೆ. ಹೆರಿಗೆ ಹಾಸನದ ಆಸ್ಪತ್ರೆಯಲ್ಲಿ. ಮಗುವಿಗೆ ಮೂರು ತಿಂಗಳಾದ ಮೇಲೆ ಗಂಡನ ಮನೆಗೆ ವಾಪಸ್. ಒಬ್ಬಳೇ ತಾಯಿ, ಒಂದೇ ಮಗು, ಆದರೆ ಹೆಸರು ಮೂರು ಕಡೆ. ಕೆಲವೊಮ್ಮೆ ಎಲ್ಲೂ ಇಲ್ಲ. ಗುರಿ ಅಂತ ಮೇಲಿನಿಂದ ಬರುವ ಸಂಖ್ಯೆಯೂ ಅಂದಾಜಿನದ್ದೇ. ಹಾಗಾಗಿಯೇ ತಿಂಗಳ ವರದಿಗಳಲ್ಲಿ ಲಸಿಕೆ ನೂರಕ್ಕೆ ನೂರು ದಾಟಿ ನೂರಾಐದು ಆಗುವುದೂ ಉಂಟು. ಯಾರೂ ಸುಳ್ಳು ಬರೆದಿರುವುದಿಲ್ಲ. ಲೆಕ್ಕದ ದಾರಿಯೇ ಹಾಗಿದೆ.

ಇನ್ನೂ ಒಂದು ವಿಷಯ. ನಾವು ಬರೆಯುತ್ತಿದ್ದದ್ದು ಕಬ್ಬಿಣದ ಮಾತ್ರೆ ಎಷ್ಟು ಕೊಟ್ಟೆವು ಎಂದು. ಸಮೀಕ್ಷೆಯವರು ಕೇಳುವುದು ಎಷ್ಟು ದಿನ ನುಂಗಿದಿರಿ ಎಂದು. ಈ ಹಾಳೆಯಲ್ಲಿ ಗರ್ಭಿಣಿಯಾಗಿದ್ದಾಗ 100 ದಿನ ಅಥವಾ ಹೆಚ್ಚು, 180 ದಿನ ಅಥವಾ ಹೆಚ್ಚು ಮಾತ್ರೆ ತೆಗೆದುಕೊಂಡವರು ಎಷ್ಟು ಎಂದು ಎರಡು ಸಾಲು ಇದೆ. ನನಗೆ ಈ ಎರಡು ಸಾಲು ಇಡೀ ಹಾಳೆಯಲ್ಲೇ ಅತಿ ಮುಖ್ಯ. ಲೈನ್ ಮನೆಯ ಗೂಡಿನಲ್ಲಿ, ಸೂರಿನ ಸಂದಿಯಲ್ಲಿ, ಹಾಸಿಗೆ ಕೆಳಗೆ ಸ್ಟ್ರಿಪ್ಪುಗಳು ಒಡೆಯದೇ ಇದ್ದದ್ದನ್ನು ನಾನು ಕಂಡಿದ್ದೇನೆ. ವಾಕರಿಕೆ ಬರುತ್ತೆ ಸಿಸ್ಟರ್ ಅನ್ನುತ್ತಿದ್ದರು. ಮಲ ಕಪ್ಪಾಗುತ್ತೆ ಅಂತ ಹೆದರುತ್ತಿದ್ದರು. ಊಟ ಆದ ತಕ್ಷಣ ಕಾಫಿ ಕುಡಿದು, ಅದರ ಮೇಲೆ ಮಾತ್ರೆ ನುಂಗಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ, ಅದೂ ಕಾಫಿ ಸೀಮೆಯಲ್ಲಿ. ಇದ್ಯಾವುದೂ ನಮ್ಮ ಸ್ಟಾಕ್ ರಿಜಿಸ್ಟರಿನಲ್ಲಿ ಬರುತ್ತಿರಲಿಲ್ಲ.

ಸಮೀಕ್ಷೆ ಮಾಡುವ ರೀತಿಯನ್ನು ಹತ್ತಿರದಿಂದ ನೋಡಿದ್ದೇನೆ, ಅದಕ್ಕೇ ನನಗೆ ನಂಬಿಕೆ. ಕರ್ನಾಟಕದಲ್ಲಿ ಐದನೇ ಸುತ್ತು ನಡೆದದ್ದು 2019ರ ಜುಲೈನಿಂದ ಡಿಸೆಂಬರ್ ತನಕ. ರಾಜ್ಯದಲ್ಲಿ 26,574 ಮನೆ, 30,455 ಹೆಂಗಸರು, 4,516 ಗಂಡಸರು. ಆಗ ರಾಜ್ಯದಲ್ಲಿ 30 ಜಿಲ್ಲೆ. ಭಾಗಿಸಿದರೆ ಜಿಲ್ಲೆಗೆ ಸರಾಸರಿ 900 ಮನೆಯ ಆಸುಪಾಸು, ಸಾವಿರ ಹೆಂಗಸರು. ಹಾಸನ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 17,76,421. ಇಷ್ಟು ಜನರಲ್ಲಿ 900 ಮನೆ ಏನು ಹೇಳೀತು ಅಂತ ನಿಮಗೆ ಅನ್ನಿಸಬಹುದು.

ಕಾಫಿ ಮಾರುವವರಿಗೆ ಇದು ಬೇಗ ಅರ್ಥವಾಗುತ್ತೆ. ಔಟ್‌ಟರ್ನ್, ಅಂದರೆ ಒಣಗಿದ ಕಾಯಿಯಿಂದ ಎಷ್ಟು ಬೀಜ ಸಿಗುತ್ತೆ ಅಂತ ನೋಡಲು ಯಾರೂ ಲೋಡಿನ ಅಷ್ಟೂ ಮೂಟೆ ಸುರಿಯುವುದಿಲ್ಲ. ಆದರೆ ಮೇಲಿನ ಒಂದು ಮೂಟೆಯಿಂದ ಒಂದು ಹಿಡಿ ತೆಗೆದರೆ ಬೆಳೆಗಾರನೂ ಒಪ್ಪಲ್ಲ, ವ್ಯಾಪಾರಿಯೂ ಒಪ್ಪಲ್ಲ. ಬೇರೆ ಬೇರೆ ಮೂಟೆಯಿಂದ, ಒಳಗಿನಿಂದ ತೆಗೆಯಬೇಕು. ಯಾವ ಮೂಟೆ ಅನ್ನುವುದು ಮಾರುವವನ ಕೈಯಲ್ಲೂ ಇರಬಾರದು, ಕೊಳ್ಳುವವನ ಕೈಯಲ್ಲೂ ಇರಬಾರದು. ಸಮೀಕ್ಷೆಯಲ್ಲೂ ಹಾಗೇ. ಮೊದಲು ಜನಗಣತಿಯ ಪಟ್ಟಿಯಿಂದ ಹಳ್ಳಿಗಳನ್ನು, ಪೇಟೆಯಲ್ಲಾದರೆ ಗಣತಿ ಬ್ಲಾಕುಗಳನ್ನು ಆರಿಸುತ್ತಾರೆ. ಆಮೇಲೆ ಒಂದು ತಂಡ ಬಂದು ಆ ಊರಿನ ನಕ್ಷೆ ಬರೆದು ಎಲ್ಲ ಮನೆಗಳ ಪಟ್ಟಿ ಮಾಡುತ್ತೆ. ಆ ಪಟ್ಟಿಯಿಂದ 22 ಮನೆ ಆರಿಸುತ್ತಾರೆ, ಇಂತಿಷ್ಟು ಮನೆಗೊಂದು ಅನ್ನುವ ಲೆಕ್ಕದಲ್ಲಿ.

ಆಗ ನಾನು ಕೆಲಸದಲ್ಲಿದ್ದೆ. ದಾರಿ ತೋರಿಸಲು ಆಶಾ ಕಾರ್ಯಕರ್ತೆಯ ಜೊತೆ ನಾನೂ ಹೋಗಿದ್ದೆ. ಪಟ್ಟಿಯಲ್ಲಿದ್ದ ಒಂದು ಲೈನ್ ಮನೆಗೆ ಬೀಗ ಹಾಕಿತ್ತು. ಮಳೆ ಜೋರಿತ್ತು, ಜಾರಿಕೆ ಬೇರೆ. ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು ನಮ್ಮನೇಲಿ ಕೇಳಿ ಮೇಡಂ, ಒಳಗೆ ಬನ್ನಿ ಅಂತ ಕರೆದಳು. ತಂಡದ ಹುಡುಗಿ ಒಪ್ಪಲಿಲ್ಲ. ಪಟ್ಟಿಯಲ್ಲಿರುವ ಮನೆಯೇ ಆಗಬೇಕು, ಪಕ್ಕದ್ದನ್ನು ತೆಗೆದುಕೊಳ್ಳುವ ಹಾಗಿಲ್ಲ ಅಂದಳು. ಸಂಜೆ ಕೆಲಸ ಬಿಟ್ಟು ಬರುವ ಹೊತ್ತಿಗೆ ಮತ್ತೆ ಹತ್ತಿ ಬಂದಳು. ಇದು ಸಣ್ಣ ವಿಷಯ ಅಲ್ಲ. ಹಗಲಲ್ಲಿ ಮನೆಯಲ್ಲಿ ಸಿಗುವವರನ್ನೇ ಕೇಳಿಕೊಂಡು ಹೋದರೆ ತೋಟದ ಕೆಲಸಕ್ಕೆ ಹೋಗುವ ಹೆಂಗಸರೆಲ್ಲ ಲೆಕ್ಕದಿಂದ ಬಿಟ್ಟುಹೋಗುತ್ತಾರೆ. ರಕ್ತ ಕಮ್ಮಿ ಇರುವವರು, ಮಾತ್ರೆ ತಲುಪದವರು ಅವರಲ್ಲೇ ಜಾಸ್ತಿ.

ಆಮೇಲೆ ಆ ಹುಡುಗಿ ನನ್ನ ಕಡೆ ತಿರುಗಿ, ಸಿಸ್ಟರ್, ನೀವು ಸ್ವಲ್ಪ ಆಚೆ ಇರ್ತೀರಾ ಅಂದಳು. ಒಳಗೆ ಕೇಳುವ ಪ್ರಶ್ನೆಗಳಲ್ಲಿ ಆರೋಗ್ಯ ಕಾರ್ಯಕರ್ತೆ ನಿಮ್ಮನ್ನು ಬಂದು ನೋಡಿದರಾ, ಹೆರಿಗೆ ಆದ ಎರಡು ದಿನದೊಳಗೆ ತಪಾಸಣೆ ಆಯಿತಾ ಅನ್ನುವುದೂ ಇರುತ್ತೆ. ನಾನೇ ಎದುರಿಗೆ ನಿಂತಿದ್ದರೆ ಆ ತಾಯಿ ಇಲ್ಲ ಅಂತ ಹೇಗೆ ಹೇಳುತ್ತಾಳೆ? ಹಾಗಾಗಿ ನಾನು ಸೂರಿನ ಕೆಳಗೆ ಕೊಡೆ ಮಡಚಿ ನಿಂತೆ. ಆ ಹುಡುಗಿಯ ಮೇಲೆ ನನಗೆ ಗೌರವ ಬಂದದ್ದು ಆಗ.

ರಕ್ತಹೀನತೆಯ ಭಾಗವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಅತಿ ಹೆಚ್ಚು ಗೊಂದಲ ಇರುವುದು ಅಲ್ಲೇ. ನಾವು ಕೆಲಸಕ್ಕೆ ಸೇರಿದಾಗ ಹೆಚ್‌ಬಿ, ಅಂದರೆ ರಕ್ತದ ಹಿಮೋಗ್ಲೋಬಿನ್, ನೋಡುತ್ತಿದ್ದದ್ದು ಸಾಹ್ಲಿ ಮೀಟರಿನಲ್ಲಿ. ಗಾಜಿನ ಸಣ್ಣ ಟ್ಯೂಬಿಗೆ ಆಸಿಡ್ ಹಾಕಿ, ಬೆರಳಿನ ರಕ್ತವನ್ನು ಪಿಪೆಟ್ಟಿನಲ್ಲಿ ಎಳೆದು ಬೆರೆಸಿ, ಹತ್ತು ನಿಮಿಷ ಕಾಯಬೇಕು. ಆಮೇಲೆ ಹನಿ ಹನಿಯಾಗಿ ನೀರು ಬೆರೆಸುತ್ತಾ ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಹೋಲಿಸಬೇಕು. ಬೆಳಕು ಕಮ್ಮಿ ಇದ್ದರೆ ಒಂದು ಅಂಕಿ, ಬಿಸಿಲಿದ್ದರೆ ಇನ್ನೊಂದು. ಆಷಾಢದ ಮಳೆಯಲ್ಲಿ ಮಲೆನಾಡಿನ ಸಬ್ ಸೆಂಟರಿನ ಬೆಳಕು ಹೇಗಿರುತ್ತೆ ಗೊತ್ತಲ್ಲ. ಸಮೀಕ್ಷೆಯವರು ತಂದಿದ್ದು ಹೀಮೋಕ್ಯೂ ಅನ್ನುವ ಕೈಯಲ್ಲಿ ಹಿಡಿಯುವ ಯಂತ್ರ. ಬೆರಳು ಚುಚ್ಚಿ, ಮೊದಲ ಹನಿಗಳನ್ನು ಒರೆಸಿ, ಆಮೇಲಿನ ಹನಿಯನ್ನು ಸಣ್ಣ ಪ್ಲಾಸ್ಟಿಕ್ ಚಿಪ್ಪಿಗೆ ಹೀರಿಸಿ ಯಂತ್ರಕ್ಕಿಡುತ್ತಾರೆ. ಸ್ವಲ್ಪ ಹೊತ್ತಿಗೆ ಅಂಕಿ ಬರುತ್ತೆ, ಬಣ್ಣ ನೋಡುವ ತಾಪತ್ರಯ ಇಲ್ಲ.

ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ನಾಲ್ಕನೇ ಸುತ್ತಿನಲ್ಲಿ, ಅಂದರೆ 2015–16ರಲ್ಲಿ, ಶೇ. 44.8 ಇತ್ತು. ಐದನೇ ಸುತ್ತಿನಲ್ಲಿ ಶೇ. 47.8 ಆಯಿತು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 60.9 ಇದ್ದದ್ದು 65.5 ಆಯಿತು. ಇಷ್ಟೆಲ್ಲ ಮಾತ್ರೆ ಹಂಚಿದ ಮೇಲೂ ಹೆಚ್ಚಾಯಿತಲ್ಲ ಅಂತ ನಮ್ಮಂಥವರಿಗೆ ಸಂಕಟವಾಯಿತು. ಆದರೆ ಒಂದು ವಿಷಯ ತಿಳಿದಿರಬೇಕು. ರಕ್ತ ಸರಿಯಾಗಿ ಬರಲಿಲ್ಲ ಅಂತ ಬೆರಳನ್ನು ಹಿಂಡಿದರೆ ರಕ್ತದ ಜೊತೆ ಅಂಗಾಂಶದ ನೀರೂ ಸೇರುತ್ತೆ, ಅಂಕಿ ಕಮ್ಮಿ ಬರುತ್ತೆ. ತೋಳಿನ ರಕ್ತನಾಳದಿಂದ ರಕ್ತ ತೆಗೆದರೆ ಈ ತೊಂದರೆ ಇಲ್ಲ. 2016–18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೌಷ್ಟಿಕತಾ ಸಮೀಕ್ಷೆಯಲ್ಲಿ ಮಕ್ಕಳಿಗೆ ಹಾಗೆ ರಕ್ತನಾಳದಿಂದಲೇ ತೆಗೆದರು. ದೇಶದಲ್ಲಿ 1ರಿಂದ 4 ವರ್ಷದ ಮಕ್ಕಳಲ್ಲಿ ರಕ್ತಹೀನತೆ ಶೇ. 41 ಎಂದು ಬಂತು. ಅದಕ್ಕೆ ಹತ್ತಿರದ ಕಾಲದ ಎನ್‌ಎಫ್‌ಎಚ್‌ಎಸ್-4ರಲ್ಲಿ, ಬೆರಳಿನ ರಕ್ತದಲ್ಲಿ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 58.6. ವಯಸ್ಸಿನ ಗುಂಪು ಪೂರ್ತಿ ಒಂದೇ ಅಲ್ಲ, ಆದರೂ ಅಂತರ ದೊಡ್ಡದು. ಹಾಗಾಗಿ ಈ ಸಾಲನ್ನು ಓದುವಾಗ ಎರಡು ಮೂರು ಪಾಯಿಂಟಿನ ಏರಿಳಿತಕ್ಕೆ ಗಾಬರಿಯೂ ಬೇಡ, ಸಂಭ್ರಮವೂ ಬೇಡ. 41 ಅಂದರೂ ಹತ್ತರಲ್ಲಿ ನಾಲ್ಕು ಮಕ್ಕಳು. ಅದೇನು ಕಮ್ಮಿಯೇ?

ಚಿಕ್ಕಮಗಳೂರಿನವರಿಗೆ ಇಲ್ಲಿ ಒಂದು ವಿಶೇಷ ಇದೆ. ಎತ್ತರದ ಊರುಗಳಲ್ಲಿ ಗಾಳಿ ತೆಳು, ಮೈ ತಾನಾಗಿಯೇ ಹಿಮೋಗ್ಲೋಬಿನ್ ಸ್ವಲ್ಪ ಜಾಸ್ತಿ ಮಾಡಿಕೊಳ್ಳುತ್ತೆ. ಅದಕ್ಕೇ ಸಾವಿರ ಮೀಟರ್ ದಾಟಿದ ಕಡೆ ಬಂದ ಅಂಕಿಯಲ್ಲಿ ಸ್ವಲ್ಪ ಕಳೆದು ನೋಡುವುದು ಪದ್ಧತಿ. ಸಾವಿರ ಮೀಟರಿನ ಹತ್ತಿರ ಸುಮಾರು 0.2 ಗ್ರಾಂ ಕಳೆಯುತ್ತಾರೆ, ಮೇಲೆ ಹೋದ ಹಾಗೆ ಜಾಸ್ತಿ. ಚಿಕ್ಕಮಗಳೂರು ಪೇಟೆಯೇ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಗಿರಿಯ ಕಡೆಯ ಎಸ್ಟೇಟುಗಳು ಇನ್ನೂ ಮೇಲೆ. ಬಸುರಿಯಲ್ಲದ ಹೆಂಗಸಿಗೆ 12 ಗ್ರಾಂ ಗಡಿ ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆದರೆ ಅಲ್ಲಿ 12.1 ಬಂದವಳೂ ಲೆಕ್ಕದಲ್ಲಿ ರಕ್ತಹೀನತೆಯ ಕಡೆಗೇ ಬೀಳಬಹುದು. ಹಾಳೆಯ ಅಡಿಯಲ್ಲಿ, ತೀರಾ ಸಣ್ಣ ಅಕ್ಷರದಲ್ಲಿ, ಎತ್ತರಕ್ಕೆ ಮತ್ತು ದೊಡ್ಡವರಿಗೆ ಬೀಡಿ ಸಿಗರೇಟಿಗೆ ಸರಿಹೊಂದಿಸಿದ್ದೇವೆ ಎಂದು ಬರೆದಿದ್ದಾರೆ. ಸಬ್ ಸೆಂಟರಿನ ಹೆಚ್‌ಬಿ ಪಟ್ಟಿಯನ್ನೂ ಈ ಹಾಳೆಯನ್ನೂ ಪಕ್ಕದಲ್ಲಿಟ್ಟು ನೋಡುವ ಚಿಕ್ಕಮಗಳೂರಿನ ಸಿಸ್ಟರುಗಳು ಇದನ್ನು ಗಮನಿಸಲೇಬೇಕು.

ಇನ್ನು ಹೃದಯದ ವಿಷಯ. 2025ರ ಜೂನ್ ತಿಂಗಳು ಹಾಸನದವರು ಯಾರೂ ಮರೆಯುವುದಿಲ್ಲ. ದಿನಾ ಬೆಳಗ್ಗೆ ಪೇಪರಿನಲ್ಲಿ, ಟಿವಿಯಲ್ಲಿ ಹೃದಯಾಘಾತಕ್ಕೆ ಮತ್ತೊಬ್ಬರು ಬಲಿ ಅಂತ ಸಂಖ್ಯೆ ಏರುತ್ತಾ ಹೋಯಿತು. ಸಣ್ಣ ವಯಸ್ಸಿನವರೂ ಇದ್ದರು. ನಮ್ಮ ಬೀದಿಯ ಗಂಡಸರು ಬೆಳಗ್ಗೆ ವಾಕಿಂಗ್ ಬಿಟ್ಟರು. ಎದೆಯಲ್ಲಿ ಗ್ಯಾಸ್ ಹಿಡಿದರೂ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಓಡಿದರು. ಅಲ್ಲಿ ಬೆಳಗ್ಗೆಯಿಂದಲೇ ಸಾಲು. ಕೋವಿಡ್ ಲಸಿಕೆಯಿಂದ ಅಂದರು, ನೀರಿನಿಂದ ಅಂದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಅವರು 24 ಸಾವುಗಳನ್ನು ಪರಿಶೀಲಿಸಿ 20 ಹೃದಯಕ್ಕೆ ಸಂಬಂಧಿಸಿದವು, ಜಿಲ್ಲೆಯಲ್ಲಿ ಅಸಹಜ ಏರಿಕೆ ಕಂಡಿಲ್ಲ ಎಂದು ಜುಲೈನಲ್ಲಿ ವರದಿ ಕೊಟ್ಟರು.

ನಾನು ಆ ದಿನಗಳಲ್ಲೇ ಈ ಹಾಳೆಗಳನ್ನು ಮತ್ತೆ ತೆಗೆದದ್ದು. ಪೇಪರಿನಲ್ಲಿ ಬರುತ್ತಿದ್ದದ್ದು ಸತ್ತವರ ಸಂಖ್ಯೆ ಮಾತ್ರ. ಎಷ್ಟು ಜನರಲ್ಲಿ, ಮಾಮೂಲಿಗೆ ಎಷ್ಟು ಅಂತ ಯಾರೂ ಬರೆಯುತ್ತಿರಲಿಲ್ಲ. ವರ್ಷಕ್ಕೆ ಸಾವಿರ ಜನರಿಗೆ ಆರು ಸಾವು ಅಂತ ಹಿಡಿಯಿರಿ. ನಮ್ಮ ರಾಜ್ಯದ ದರ ಅದರ ಆಸುಪಾಸಿನಲ್ಲೇ ಇರುತ್ತೆ. ಹದಿನೇಳು ಮುಕ್ಕಾಲು ಲಕ್ಷ ಜನರ ಜಿಲ್ಲೆಯಲ್ಲಿ ವರ್ಷಕ್ಕೆ ಹತ್ತು ಸಾವಿರದ ಮೇಲೆ, ದಿನಕ್ಕೆ ಇಪ್ಪತ್ತೊಂಬತ್ತು ಸಾವು. ಅದರಲ್ಲಿ ಹೃದಯದ ಕಾಯಿಲೆಯವು ದಿನಾ ಇದ್ದೇ ಇರುತ್ತವೆ. ಹೋದವರ ಮನೆಯ ನೋವು ಇದರಿಂದ ಒಂದು ಚೂರೂ ಕಮ್ಮಿಯಾಗುವುದಿಲ್ಲ, ಚಿಕ್ಕ ವಯಸ್ಸಿನವರ ಸಾವನ್ನು ಬೇರೆಯಾಗಿಯೇ ಎಣಿಸಿ ನೋಡಬೇಕು. ಆದರೆ ಹೊಸದಾಗಿ ಏನೋ ಬಂದಿದೆಯೋ ಇಲ್ಲವೋ ಅಂತ ಹೇಳಲು ಈ ಲೆಕ್ಕ ಬೇಕೇ ಬೇಕು.

ಹೃದಯ ಕೆಡುವ ಮೊದಲು ಏನೇನು ಇರುತ್ತೋ ಅದು ಈ ಹಾಳೆಯಲ್ಲಿದೆ. ಬೀಪಿ ಜಾಸ್ತಿ ಇರುವ ಹೆಂಗಸರು, ಗಂಡಸರು ಎಷ್ಟು, ಶುಗರ್ ಎಷ್ಟು ಜನಕ್ಕೆ, ತಂಬಾಕು, ಕುಡಿತ, ಬೊಜ್ಜು. ಐದನೇ ಸುತ್ತಿನಲ್ಲಿ 15 ವರ್ಷ ಮೇಲ್ಪಟ್ಟ ಎಲ್ಲರ ಬೀಪಿ ನೋಡಿದ್ದಾರೆ, ಹಿಂದಿನ ಸುತ್ತಿನ ಹಾಗೆ 49ಕ್ಕೋ 54ಕ್ಕೋ ನಿಲ್ಲಿಸಿಲ್ಲ. ಅದಕ್ಕೇ ಈ ಸಾಲುಗಳಲ್ಲಿ ಹಿಂದಿನ ಸುತ್ತಿನ ಕಾಲಂ ಖಾಲಿ. ಒಂದೇ ಸಲ ನೋಡಿ ಬರೆದದ್ದೂ ಅಲ್ಲ. ಮೂರು ಸಲ ಅಳೆದು ಕೊನೆಯ ಎರಡರ ಸರಾಸರಿ ತೆಗೆದಿದ್ದಾರೆ. ನಾವು ಕ್ಯಾಂಪಿನಲ್ಲಿ, ಜನ ನಡೆದು ಬಂದು ಕೂತ ತಕ್ಷಣ ಪಟ್ಟಿ ಸುತ್ತಿ ಬರೆಯುತ್ತಿದ್ದ ಬೀಪಿಗಿಂತ ಇದು ಎಷ್ಟೋ ಮೇಲು. ಹಾಸನದ ಪುಟದ ಬೀಪಿ ಸಾಲನ್ನು ಆ ಜೂನಿನಲ್ಲಿ ಒಂದೇ ಒಂದು ಚಾನೆಲ್ ತೋರಿಸಿದ್ದರೂ ಜನ ಭಯಪಡುವ ಬದಲು ಹತ್ತಿರದ ಪಿಎಚ್‌ಸಿಗೆ ಹೋಗಿ ಬೀಪಿ ನೋಡಿಸಿಕೊಳ್ಳುತ್ತಿದ್ದರು. ನನಗೆ ಈಗಲೂ ಇದು ಬೇಸರ.

ಹೊಡೆತದ ವಿಷಯ ಜಿಲ್ಲೆಯ ಹಾಳೆಯಲ್ಲಿ ಇಲ್ಲ, ರಾಜ್ಯದ ಹಾಳೆಯಲ್ಲಿ ಮಾತ್ರ ಇದೆ. ಆದರೂ ಹೇಳದೇ ಇರಲಾರೆ. ಮದುವೆಯಾದ, 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ಕರ್ನಾಟಕದಲ್ಲಿ ನಾಲ್ಕನೇ ಸುತ್ತಿನಲ್ಲಿ ಶೇ. 20.6. ಐದನೇ ಸುತ್ತಿನಲ್ಲಿ ಶೇ. 44.4. ಎರಡು ಪಟ್ಟಿಗಿಂತ ಜಾಸ್ತಿ. ನಾಲ್ಕು ವರ್ಷದಲ್ಲಿ ಗಂಡಂದಿರು ಇಷ್ಟು ಕೆಟ್ಟರೇ, ಇಲ್ಲ ಹೆಂಗಸರು ಬಾಯಿ ಬಿಟ್ಟು ಹೇಳಿದರೇ ಅಂತ ಕೇಳಿದರೆ, ಎರಡನೆಯದರ ಪಾಲು ದೊಡ್ಡದಿರಬೇಕು ಅಂತ ನನ್ನ ಅನಿಸಿಕೆ. ಈ ಪ್ರಶ್ನೆ ಕೇಳಲು ಕಟ್ಟುನಿಟ್ಟಿನ ನಿಯಮ ಇದೆ. ಒಂದು ಮನೆಯಲ್ಲಿ ಒಬ್ಬಳನ್ನೇ ಕೇಳಬೇಕು, ಬೇರೆ ಯಾರೂ ಇರಬಾರದು, ಯಾರಾದರೂ ಬಂದರೆ ನಿಲ್ಲಿಸಬೇಕು. ಕೇಳುವವಳು ಹೆಂಗಸೇ. ಅತ್ತೆ ಒಲೆ ಮುಂದೆ ಕೂತಿದ್ದಾಗ ಸೊಸೆ ಏನು ಹೇಳುತ್ತಾಳೆ? ಜಾರಿ ಬಿದ್ದೆ ಸಿಸ್ಟರ್ ಅಂತ ನನಗೆ ಹೇಳಿದವರು ಎಷ್ಟು ಮಂದಿ. ನಮ್ಮ ಯಾವ ರಿಜಿಸ್ಟರಿನಲ್ಲೂ ಇದಕ್ಕೊಂದು ಕಾಲಂ ಇರಲಿಲ್ಲ. ನನ್ನ ಮಟ್ಟಿಗೆ ಈ ಸಮೀಕ್ಷೆಯ ದೊಡ್ಡ ಕೆಲಸ ಇದು.

ಈಗ ಕೊರತೆಗಳು.

ಮೊದಲನೆಯದು ಭಾಷೆ. ಪ್ರಶ್ನೆಗಳನ್ನು ಜನರಿಗೆ ಕನ್ನಡದಲ್ಲಿ ಕೇಳಿದರು. ದೇಶದಲ್ಲಿ 18 ಭಾಷೆಗಳಲ್ಲಿ ಕೇಳಿದ್ದಾರೆ. ನಾನು ಇಳಿಸಿಕೊಂಡ ಹಾಳೆ ಮಾತ್ರ ಪೂರ್ತಿ ಇಂಗ್ಲಿಷ್. ಉತ್ತರ ಕೊಟ್ಟ ಹೆಣ್ಣುಮಗಳು, ಅವಳ ಊರಿನ ಆಶಾ, ಅಂಗನವಾಡಿ ಟೀಚರ್ ಓದುವ ಹಾಗಿರಬೇಕಲ್ಲವೇ? 104 ಸಾಲು ಕನ್ನಡ ಮಾಡುವುದು ದೊಡ್ಡ ಖರ್ಚೇನಲ್ಲ. ಇದಕ್ಕೆ ನಾನು ಪೂರ್ತಿ ಒಂದು ಸ್ಟಾರ್ ಕಳೆಯುತ್ತೇನೆ.

ಎರಡನೆಯದು, ಅಂಕಿಯ ಪಕ್ಕದಲ್ಲಿ ಅದು ಎಷ್ಟು ಆಚೀಚೆ ಆಗಬಹುದು ಅಂತ ಬರೆದಿಲ್ಲ. ಸಾವಿರ ಹೆಂಗಸರ ಮೇಲೆ ಬಂದ ಶೇ. 50 ಅಂದರೆ ಮೂರು ನಾಲ್ಕು ಪಾಯಿಂಟ್ ಆ ಕಡೆ ಈ ಕಡೆ ಇರುತ್ತೆ. ಒಂದೇ ಊರಿನ 22 ಮನೆಗಳು ಒಂದರಂತೆ ಒಂದು ಇರುವುದರಿಂದ ಇನ್ನೂ ಸ್ವಲ್ಪ ಜಾಸ್ತಿಯೂ ಆಗಬಹುದು. ಲಸಿಕೆಯ ಸಾಲಿನಲ್ಲಿ ಇನ್ನೂ ಕಷ್ಟ. ಅದರಲ್ಲಿ ಬರುವುದು 12ರಿಂದ 23 ತಿಂಗಳ ಮಕ್ಕಳು ಮಾತ್ರ. ರಾಜ್ಯದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು ಅನ್ನುವ ಕಾಲದಲ್ಲಿ, ಒಂದು ಜಿಲ್ಲೆಯ ಸ್ಯಾಂಪಲ್ಲಿನಲ್ಲಿ ಆ ವಯಸ್ಸಿನ ಮಕ್ಕಳು ನನ್ನ ಅಂದಾಜಿಗೆ ಐವತ್ತು ಅರವತ್ತು ಸಿಕ್ಕಾರು. ಅರವತ್ತರಲ್ಲಿ ಐದು ಮಕ್ಕಳ ಉತ್ತರ ಬದಲಾದರೆ ಎಂಟು ಪಾಯಿಂಟ್ ಬದಲು. ಇದನ್ನು ಹಿಡಿದು ಯಾವುದೋ ಜಿಲ್ಲೆ ಮೇಲು, ಯಾವುದೋ ಜಿಲ್ಲೆ ಕೀಳು ಅಂತ ರ‍್ಯಾಂಕ್ ಕೊಡುವುದು, ಸಿಸ್ಟರುಗಳನ್ನು ನಿಲ್ಲಿಸಿ ಬೈಯುವುದು ಸರಿಯಲ್ಲ. 25ರಿಂದ 49 ಜನರ ಮೇಲೆ ಬಂದ ಅಂಕಿಗೆ ಆವರಣ ಹಾಕಿದ್ದಾರೆ, 25ಕ್ಕಿಂತ ಕಮ್ಮಿ ಇದ್ದರೆ ಅಂಕಿಯ ಬದಲು ನಕ್ಷತ್ರದ ಗುರುತು ಇಟ್ಟಿದ್ದಾರೆ. ಅದು ಪ್ರಾಮಾಣಿಕತೆ, ಮೆಚ್ಚಿದೆ. ಆದರೆ ಅಷ್ಟೇ ಸಾಲದು.

ಮೂರನೆಯದು ಸರಾಸರಿಯ ತೊಂದರೆ. ರಾಜ್ಯದ ಹಾಳೆಯಲ್ಲಿ ಪೇಟೆ, ಹಳ್ಳಿ ಬೇರೆ ಬೇರೆ ಇದೆ. ಜಿಲ್ಲೆಯದ್ದರಲ್ಲಿ ಒಟ್ಟು ಮಾತ್ರ. ಹಾಸನ ಒಂದೇ ಥರದ ಜಿಲ್ಲೆಯೇ? ಸಕಲೇಶಪುರ, ಆಲೂರಿನ ಮಲೆನಾಡು ಬೇರೆ, ಅರಸೀಕೆರೆ, ಚನ್ನರಾಯಪಟ್ಟಣದ ಬಯಲು ಬೇರೆ. ಊಟ ಬೇರೆ, ಕೆಲಸ ಬೇರೆ, ಆಸ್ಪತ್ರೆಯ ದೂರ ಬೇರೆ. ನನ್ನ ಅಕ್ಕನ ಮಗಳು ಮೂಡಿಗೆರೆ ಕಡೆ ಸಮುದಾಯ ಆರೋಗ್ಯ ಅಧಿಕಾರಿ. ಅವಳಿಗೆ ಚಿಕ್ಕಮಗಳೂರಿನ ಹಾಳೆ ಕಳಿಸಿದ ಕೂಡಲೇ ಫೋನ್ ಮಾಡಿ, “ಚಿಕ್ಕಮ್ಮ, ನಮ್ಮ ತಾಲ್ಲೂಕಿನದ್ದು ಯಾವ ಪುಟದಲ್ಲಿದೆ?” ಅಂದಳು. ಇಲ್ಲ ಕಣೇ, ತಾಲ್ಲೂಕಿಗೆ ಬೇಕಾದಷ್ಟು ಮನೆ ಇದರಲ್ಲಿ ಇಲ್ಲ ಅಂದೆ. “ಹಾಗಾದ್ರೆ ನಮ್ಮ ಲೈನ್ ಮನೆಯವರ ಕಥೆ?” ಅಂತ ಕೇಳಿದಳು. ಅವಳ ಪ್ರಶ್ನೆ ನ್ಯಾಯವಾದದ್ದು. ಕೊಯ್ಲಿನ ಕಾಲದಲ್ಲಿ ದೂರದ ರಾಜ್ಯಗಳಿಂದ ಬಂದು ಕೆಲವು ತಿಂಗಳು ಇದ್ದು ಹೋಗುವ ಕುಟುಂಬಗಳಿವೆ. ಮಳೆಗಾಲದಲ್ಲಿ ಮನೆ ಪಟ್ಟಿ ಮಾಡಿದರೆ ಅವರು ಅದರಲ್ಲಿ ಇರುವುದಿಲ್ಲ. ಅವರಿಗಾಗಿಯೇ ಬೇರೆ ಸಮೀಕ್ಷೆ ಬೇಕು, ಡಿಸೆಂಬರ್ ಜನವರಿಯಲ್ಲಿ, ಕಾಫಿ ಕಣದ ಹತ್ತಿರವೇ ಹೋಗಿ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಈಗ ಮೆಡಿಕಲ್ ಕಾಲೇಜು ಇದೆ. ಸಮುದಾಯ ವೈದ್ಯ ವಿಭಾಗದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ?

ಹಳತಾಗಿದೆ ಅನ್ನುವುದೂ ನಿಜ. 2019ರ ಮಾತು ಇದು, ಕೋವಿಡ್ ಬರುವ ಮುಂಚಿನದ್ದು.

ಇಂಥ ಅಂಕಿಗಳಿಂದ ಏನಾದರೂ ಬದಲಾಗುತ್ತಾ ಅಂತ ಕೇಳುತ್ತಾರೆ. ಶಾಲೆಯ ಮೊಟ್ಟೆ ನೋಡಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರದ ಮಕ್ಕಳಲ್ಲಿ ಅಪೌಷ್ಟಿಕತೆ, ರಕ್ತಹೀನತೆ ಜಾಸ್ತಿ ಎಂದು ಸಮೀಕ್ಷೆಗಳು ತೋರಿಸಿದ್ದವು. 2021ರ ಡಿಸೆಂಬರಿನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಶುರುವಾದದ್ದು ಆ ಜಿಲ್ಲೆಗಳಲ್ಲೇ. ಆಗ ವಿರೋಧವೂ ಬಂತು. ಅಂಕಿ ಕೈಯಲ್ಲಿದ್ದದ್ದರಿಂದ ವಾದ ಮಾಡಲು ಆಯಿತು. ಆಮೇಲೆ ಹಾಸನವೂ ಸೇರಿ ಇಡೀ ರಾಜ್ಯಕ್ಕೆ ಬಂತು. ನನ್ನ ಮೊಮ್ಮಗನ ಶಾಲೆಯಲ್ಲಿ ಮೊಟ್ಟೆ ಕೊಡುವ ದಿನ ಮಕ್ಕಳ ಹಾಜರಿ ನೋಡಬೇಕು ನೀವು.

ಒಳ್ಳೆಯ ಸುದ್ದಿಯೂ ಇದೆ. ರಾಜ್ಯದಲ್ಲಿ ಆಸ್ಪತ್ರೆ ಹೆರಿಗೆ ಶೇ. 97 ಮುಟ್ಟಿದೆ. ಮನೆಯಲ್ಲೇ ಹೆರಿಗೆ ಮಾಡಿಸಿ, ಟಾರ್ಚ್ ಬೆಳಕಲ್ಲಿ ಹೊಕ್ಕುಳಬಳ್ಳಿ ಕಟ್ಟಿದ ನಮಗೆ ಈ ಅಂಕಿ ನೋಡಿದರೆ ಕಣ್ಣು ತುಂಬುತ್ತೆ. ಅದರ ಪಕ್ಕದಲ್ಲೇ ಸಿಸೇರಿಯನ್ ಶೇ. 23.6ರಿಂದ 31.5ಕ್ಕೆ ಏರಿದೆ. ಇದನ್ನೂ ಯಾರಾದರೂ ಎದ್ದು ನಿಂತು ಕೇಳಬೇಕು.

ಬೇಕಾದವರಿಗೆ: ಈ ಸಮೀಕ್ಷೆ ನಡೆಸುವ ಮುಂಬೈನ ಐಐಪಿಎಸ್ ಸಂಸ್ಥೆಯ ಜಾಲತಾಣದಲ್ಲಿ ಎನ್‌ಎಫ್‌ಎಚ್‌ಎಸ್-5ರ ಕರ್ನಾಟಕದ ಕಡತ ಸಿಗುತ್ತೆ. ಅದರೊಳಗೆ ಮೊದಲು ರಾಜ್ಯ, ಆಮೇಲೆ ಜಿಲ್ಲೆಗಳು. ಲಾಗಿನ್ ಬೇಡ, ದುಡ್ಡು ಬೇಡ. ನಿಮ್ಮ ಜಿಲ್ಲೆಯ ಪುಟಗಳನ್ನು ಮಾತ್ರ ಪ್ರಿಂಟ್ ಹಾಕಿಸಿ, ಕಪ್ಪು ಬಿಳುಪು ಸಾಕು. ಅಂಕಿ ನೋಡುವ ಮೊದಲು ಅಡಿಟಿಪ್ಪಣಿ ಓದಿ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಮುಂದಿನ ಸುತ್ತಿನ ಹಾಳೆಗಳನ್ನು ಕನ್ನಡದಲ್ಲಿ ಕೊಡಿ ಎಂದು ಸಂಸ್ಥೆಗೂ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಪತ್ರ ಬರೆದಿದ್ದೇನೆ. ನೀವೂ ಬರೆಯಿರಿ.